ಖಾಲಿ ಇದ್ದರೆ ಎತ್ತಾಕುವ, ಲೋಡಿದ್ದರೆ ತೂಗುವ ಪಿಕಪ್: ಶಾಕ್‌ಗೂ ಕಾಯಿಲ್ ಸ್ಪ್ರಿಂಗ್‌ಗೂ ಜೋಡಿ ಕೂಡಿಸಿದ ಒಂದು ಪ್ರಕರಣ

"ಖಾಲಿ ಇದ್ರೆ ಎತ್ತಾಕ್ತದೆ, ಲೋಡಿದ್ರೆ ತೂಗ್ತದೆ." ಗಾಡಿ ಓಡಿಸುವವರು ಹೇಳಿದ್ದು ಇಷ್ಟೇ. ಇದಕ್ಕಿಂತ ಚೊಕ್ಕವಾದ ದೂರು ಸಿಗುವುದು ಕಷ್ಟ. ಸಸ್ಪೆನ್ಷನ್ನಿನ ಎರಡು ಬೇರೆ ಬೇರೆ ರೋಗಗಳನ್ನು ಈ ಒಂದೇ ಮಾತು ಬಿಡಿಸಿ ತೋರಿಸುತ್ತದೆ. ಎತ್ತಾಕುವುದು ಸ್ಪ್ರಿಂಗ್ ಬಿರುಸಾಗಿರುವುದರ ಲಕ್ಷಣ. ತೂಗುವುದು ಶಾಕ್ (ಸ್ಪ್ರಿಂಗಿನ ಕುಣಿತ ಹಿಡಿದು ನಿಲ್ಲಿಸುವ ಶಾಕ್ ಅಬ್ಸಾರ್ಬರ್) ಸೋತಿರುವುದರ ಲಕ್ಷಣ. ಒಂದೇ ಗಾಡಿಯಲ್ಲಿ ಎರಡೂ ಇದ್ದರೆ ಜೋಡಿ ತಪ್ಪಿದೆ ಎಂದೇ ಲೆಕ್ಕ.

ಗಾಡಿ ಮಂಡ್ಯದ್ದು, ಬೆಲ್ಲದ ವ್ಯಾಪಾರದ ಮನೆಯದು. ಡಬಲ್ ಕ್ಯಾಬ್ ಪಿಕಪ್, ಟೂ ವ್ಹೀಲ್ ಡ್ರೈವ್. ಮುಂದೆ ಡಬಲ್ ವಿಶ್‌ಬೋನ್ (ಚಕ್ರವನ್ನು ಹಿಡಿಯುವ ಮೇಲೊಂದು, ಕೆಳಗೊಂದು ಆರ್ಮ್), ಶಾಕ್‌ನ ಮೈಮೇಲೇ ಕೂತ ಕಾಯಿಲ್ ಸ್ಪ್ರಿಂಗ್. ಹಿಂದೆ ಗಟ್ಟಿ ಆಕ್ಸಲ್, ಒಂದರ ಮೇಲೊಂದು ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗಿನ ಪ್ಲೇಟುಗಳು, ಬೇರೆಯಾಗಿ ನಿಂತ ಶಾಕ್. ಇಸುಜು ವಿ-ಕ್ರಾಸ್, ಬಿಡದಿಯಲ್ಲಿ ಜೋಡಣೆಯಾಗುವ ಟೊಯೊಟಾ ಹೈಲಕ್ಸ್ ಎರಡರದ್ದೂ ಇದೇ ಕಟ್ಟು. ಹಾಗಾಗಿ ಇಲ್ಲಿಯ ಲೆಕ್ಕದ ಕ್ರಮ ಅಂಥ ಗಾಡಿಗಳಿಗೆಲ್ಲ ಹೊಂದುತ್ತದೆ, ಅಂಕಿಗಳು ಮಾತ್ರ ಈ ಒಂದು ಗಾಡಿಯವು.

ವಾರದಲ್ಲಿ ಎರಡು ದಿನ ಪಾಂಡವಪುರದ ಕಡೆಯ ಆಲೆಮನೆಗಳಿಂದ ಮಂಡ್ಯದ ಎಪಿಎಂಸಿಗೆ ಬೆಲ್ಲ ಬರುತ್ತದೆ, ಒಂದು ಸಲಕ್ಕೆ ಸುಮಾರು 800 ಕೆ.ಜಿ. ಉಳಿದ ದಿನ ಗಾಡಿ ಹೆಚ್ಚುಕಡಿಮೆ ಖಾಲಿ: ಮನೆಯವರು ಮೈಸೂರಿಗೆ ಹೋಗಿಬರುವುದು, ಗದ್ದೆ ಕಡೆ ಓಡಾಟ. ದಾರಿಯೂ ಎರಡು ಬಗೆ. ಒಂದು, ನಾಲೆ ಏರಿ ಮೇಲಿನ ರಸ್ತೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳು ಅದನ್ನು ಸಾಲು ಸಾಲು ಹಳ್ಳ ಮಾಡಿಟ್ಟಿರುತ್ತವೆ. ಇನ್ನೊಂದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ, ಅಂದರೆ ರಾಷ್ಟ್ರೀಯ ಹೆದ್ದಾರಿ 275. ಅಲ್ಲಿ ಗಂಟೆಗೆ 100 ಕಿ.ಮೀ.ವರೆಗೆ ಓಡಬಹುದು. ಆದರೆ ಮೇಲ್ಸೇತುವೆಗಳ ಜಾಯಿಂಟ್‌ಗಳು ಒಂದೇ ಲಯದಲ್ಲಿ ಚಕ್ರಕ್ಕೆ ಬಡಿಯುತ್ತವೆ.

ಗಾಡಿಯ ಹಿಂದಿನ ಚರಿತ್ರೆ

ಕೊಂಡ ಹೊಸದರಲ್ಲಿ ಮುಂದೆ ಉಕ್ಕಿನ ಬುಲ್ ಬಾರ್ (ಮೂತಿಯ ರಕ್ಷಣೆಗೆ ಕಟ್ಟುವ ಕಂಬಿ ಚೌಕಟ್ಟು) ಮತ್ತು ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಏರಿಸಿದ್ದರು. ಭಾರಕ್ಕೆ ಮುಂಭಾಗ ಕುಸಿಯಿತು ಎಂದು ಹೆವಿ ಡ್ಯೂಟಿ ಕಾಯಿಲ್ ಸ್ಪ್ರಿಂಗ್ ಹಾಕಿಸಿದರು. ಶಾಕ್ ಮಾತ್ರ ಗಾಡಿಯ ಜೊತೆ ಬಂದದ್ದೇ ಉಳಿಯಿತು. ಹಿಂದೆ ಬೆಲ್ಲದ ಲೋಡಿಗೆಂದು 5 ಪ್ಲೇಟಿನ ಸೆಟ್ಟಿಗೆ ಇನ್ನೊಂದು ಪ್ಲೇಟು ಸೇರಿತು. ಬುಲ್ ಬಾರ್ ಹಾಕುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ದಂಡದ ಭಯಕ್ಕೆ ಬಾರ್ ಬಿಚ್ಚಿದರು, ವಿಂಚೂ ಹೋಯಿತು. ಅವುಗಳಿಗೆಂದು ಹಾಕಿದ ಸ್ಪ್ರಿಂಗ್ ಅಲ್ಲೇ ಉಳಿಯಿತು.

ಪ್ರಕರಣದ ಗಂಟು ಇದೇ. ಸ್ಪ್ರಿಂಗ್ ಆರಿಸಿದ್ದು ಒಂದು ತೂಕಕ್ಕೆ, ಶಾಕ್ ಬಂದದ್ದು ಇನ್ನೊಂದು ಸ್ಪ್ರಿಂಗಿಗೆ, ಗಾಡಿ ಓಡುತ್ತಿರುವುದು ಮೂರನೆಯ ತೂಕದಲ್ಲಿ. ಮಾಲೀಕರು ಕೇಳಿಕೊಂಡು ಬಂದದ್ದು ಮೆತ್ತನೆಯ ಶಾಕ್. ಅದನ್ನು ಹಾಕಿದ್ದರೆ ತೂಗಾಟ ಇನ್ನೂ ಹೆಚ್ಚುತ್ತಿತ್ತು, ಎತ್ತಾಕುವುದು ಹಾಗೇ ಇರುತ್ತಿತ್ತು.

ಮೊದಲು ವೇಬ್ರಿಡ್ಜ್, ಆಮೇಲೆ ಸ್ಪ್ಯಾನರ್

ಸ್ಪ್ರಿಂಗಿನ ಮಾತೆತ್ತುವ ಮೊದಲು ಗಾಡಿಯ ತೂಕ ಗೊತ್ತಿರಬೇಕು, ಅದೂ ಆಕ್ಸಲ್‌ಗೆ ಎಷ್ಟೆಷ್ಟು ಎಂದು. ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆಯ ಸುತ್ತ ವೇಬ್ರಿಡ್ಜ್‌ಗೆ ಕೊರತೆಯಿಲ್ಲ. ಇಡೀ ಗಾಡಿ ಹತ್ತಿಸಿ ಒಂದು ಚೀಟಿ, ಮುಂದಿನ ಚಕ್ರ ಮಾತ್ರ ಹತ್ತಿಸಿ ಇನ್ನೊಂದು, ಹಿಂದಿನ ಚಕ್ರ ಮಾತ್ರ ಉಳಿಸಿ ಮತ್ತೊಂದು. ಎರಡು ಆಕ್ಸಲ್‌ಗಳ ಮೊತ್ತ ಇಡೀ ತೂಕಕ್ಕೆ ತಾಳೆಯಾಗಬೇಕು. 20 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಗಾಡಿ ಸಮತಟ್ಟಾಗಿ ನಿಂತಿಲ್ಲ ಎಂದು ತಿಳಿದು ಮತ್ತೆ ಹಾಕಿಸಬೇಕು. ಟ್ಯಾಂಕ್ ಅರ್ಧ, ಡ್ರೈವರ್ ಸೀಟಿನಲ್ಲಿ, ಟ್ರೇ ಖಾಲಿ.

ಸಿಕ್ಕಿದ್ದು: ಒಟ್ಟು 1,900 ಕೆ.ಜಿ., ಮುಂದೆ 1,080, ಹಿಂದೆ 820.

ಬಾರ್ ಮತ್ತು ವಿಂಚ್ ಸೇರಿ 80 ಕೆ.ಜಿ. ಇದ್ದವು. ಆದರೆ ಅವು ಮುಂದಿನ ಆಕ್ಸಲ್‌ಗೂ ಸುಮಾರು 0.8 ಮೀಟರ್ ಆಚೆಗೆ ತೂಗುತ್ತಿದ್ದವು. ವ್ಹೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ದೂರ, 3.1 ಮೀಟರ್. ಸನ್ನೆಗೋಲಿನ ಲೆಕ್ಕದಲ್ಲಿ ಮುಂದಿನ ಆಕ್ಸಲ್ ಮೇಲೆ ಬಿದ್ದದ್ದು 80ನ್ನು 3.9ರಿಂದ ಗುಣಿಸಿ 3.1ರಿಂದ ಭಾಗಿಸಿದಷ್ಟು, ಅಂದರೆ 100 ಕೆ.ಜಿ.; ಹಿಂದಿನ ಆಕ್ಸಲ್ ಅದರಲ್ಲಿ 20 ಕೆ.ಜಿ. ಹಗುರವಾಗಿತ್ತು. ಬಾರ್ ಬಿಚ್ಚಿದಾಗ ಮುಂದಿನ ಒಂದೊಂದು ಚಕ್ರದ ಮೇಲಿಂದ 50 ಕೆ.ಜಿ. ಇಳಿದಂತಾಯಿತು.

ಇನ್ನು ಎತ್ತರ. ಅಳೆಯಬೇಕಾದದ್ದು ಚಕ್ರದ ಮಧ್ಯಬಿಂದುವಿನಿಂದ ಫೆಂಡರ್ ಅಂಚಿನವರೆಗೆ, ನೆಲದಿಂದಲ್ಲ. ನೆಲದಿಂದ ಅಳೆದರೆ ಟೈರ್ ಗಾಳಿಯೂ ಲೆಕ್ಕದೊಳಗೆ ಬಂದುಬಿಡುತ್ತದೆ. ಈ ಗಾಡಿಯ ಮುಂಭಾಗ ಕಂಪನಿ ಎತ್ತರಕ್ಕಿಂತ 34 ಮಿ.ಮೀ. ಮೇಲಿತ್ತು, ಹಿಂಭಾಗ 20 ಮಿ.ಮೀ. ಮೇಲಿತ್ತು.

ಮುಂದಿನ ಸ್ಪ್ರಿಂಗಿನ ಲೆಕ್ಕ

ಕಾಯಿಲ್ ಸ್ಪ್ರಿಂಗಿನ ಬಿರುಸು ಮೂರು ಅಳತೆಗಳಿಂದ ಬರುತ್ತದೆ: ಕಂಬಿಯ ದಪ್ಪ, ಸುರುಳಿಯ ಸರಾಸರಿ ವ್ಯಾಸ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ. ಕಂಬಿ ದಪ್ಪವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ, ಅದನ್ನು ಉಕ್ಕಿನ ಶಿಯರ್ ಮಾಡ್ಯುಲಸ್‌ನಿಂದ (ತಿರುಚುವಿಕೆಗೆ ಉಕ್ಕು ಒಡ್ಡುವ ಬಿಗಿಯ ಅಳತೆ, ಚದರ ಮಿ.ಮೀ.ಗೆ ಸುಮಾರು 79,000 ನ್ಯೂಟನ್) ಗುಣಿಸಬೇಕು. ವ್ಯಾಸದ ಘನವನ್ನು 8ರಿಂದಲೂ ಸುತ್ತಿನ ಸಂಖ್ಯೆಯಿಂದಲೂ ಗುಣಿಸಿ, ಬಂದದ್ದರಿಂದ ಮೊದಲಿನದನ್ನು ಭಾಗಿಸಬೇಕು. ವರ್ನಿಯರ್ ಕ್ಯಾಲಿಪರ್ ಒಂದಿದ್ದರೆ ಪೆಟ್ಟಿಗೆಯ ಮೇಲಿನ ಬರಹ ನಂಬಿ ಕೂರಬೇಕಾಗಿಲ್ಲ.

ಕಂಪನಿ ಸ್ಪ್ರಿಂಗ್: ಕಂಬಿ 16 ಮಿ.ಮೀ., ವ್ಯಾಸ 100, ಸುತ್ತು 7. ಉತ್ತರ, ಮಿ.ಮೀ.ಗೆ 92 ನ್ಯೂಟನ್. ಹೆವಿ ಡ್ಯೂಟಿ ಸ್ಪ್ರಿಂಗ್: ಕಂಬಿ 17, ಉಳಿದದ್ದೆಲ್ಲ ಅದೇ. ಉತ್ತರ, 118. ಕಣ್ಣಿಗೆ ಎರಡೂ ಒಂದೇ. ಕಂಬಿ ಒಂದೇ ಮಿ.ಮೀ. ದಪ್ಪವಾದದ್ದಕ್ಕೆ ಬಿರುಸು ಶೇ 27ರಷ್ಟು ಏರಿದೆ. ಇದೇ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ. ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ ಗಾಡಿ ಮೆತ್ತಗಾಗುತ್ತದೆ ಎಂದು ಕತ್ತರಿಸಿಕೊಡುವವರು ಈಗಲೂ ಇದ್ದಾರೆ. 7 ಸುತ್ತು 6 ಆದರೆ ಸ್ಪ್ರಿಂಗ್ ಶೇ 17 ಬಿರುಸಾಗುತ್ತದೆ. ಎತ್ತರ ಇಳಿಯುತ್ತದೆ, ಕುಕ್ಕುವುದು ಹೆಚ್ಚುತ್ತದೆ, ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ಸೀಟಿನ ಮೆಟ್ಟಿಲಲ್ಲಿ ಕೂರುವುದಿಲ್ಲ.

ಸ್ಪ್ರಿಂಗಿನ ಬಿರುಸು ಹಾಗೆಯೇ ಚಕ್ರಕ್ಕೆ ತಲುಪುವುದಿಲ್ಲ. ಲೋವರ್ ಆರ್ಮ್‌ನ ಒಳ ಪಿವಟ್‌ನಿಂದ ಶಾಕ್ ಬೋಲ್ಟಿಗೆ 260 ಮಿ.ಮೀ., ಚಕ್ರದ ಕಡೆಯ ಕೀಲಾದ ಬಾಲ್ ಜಾಯಿಂಟಿಗೆ 420 ಮಿ.ಮೀ. ಅನುಪಾತ 0.62. ಶಾಕ್ ಒಳಕ್ಕೆ ಸುಮಾರು 20 ಡಿಗ್ರಿ ವಾಲಿರುವುದರಿಂದ ಅದು 0.58ಕ್ಕೆ ಇಳಿಯುತ್ತದೆ. ಚಕ್ರ 100 ಮಿ.ಮೀ. ಏರಿದರೆ ಸ್ಪ್ರಿಂಗ್ ಕುಗ್ಗುವುದು 58. ಚಕ್ರದಲ್ಲಿ ಸಿಗುವ ಬಿರುಸಿಗೆ ಈ 0.58ರ ವರ್ಗದಿಂದ ಗುಣಿಸಬೇಕು, ಒಂದು ಸಲ ಗುಣಿಸಿ ಬಿಡುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದಾಗ ಕಂಪನಿ ಸ್ಪ್ರಿಂಗ್ ಚಕ್ರದಲ್ಲಿ 31, ಹೆವಿ ಸ್ಪ್ರಿಂಗ್ 39.7.

ಒಂದು ಮುಂಚಕ್ರದ ಮೇಲೆ 540 ಕೆ.ಜಿ. ಅದರಲ್ಲಿ ಚಕ್ರ, ಹಬ್, ಬ್ರೇಕ್ ಮತ್ತು ಆರ್ಮ್‌ಗಳ ಪಾಲು ಸುಮಾರು 50. ಸ್ಪ್ರಿಂಗ್ ಹೊರುವುದು 490. ಇದರಿಂದ ಮುಂಭಾಗದ ಸಹಜ ಆಂದೋಲನ ಕಂಪನಿ ಸ್ಪ್ರಿಂಗಿನಲ್ಲಿ ಸೆಕೆಂಡಿಗೆ 1.27 ಸಲ, ಹೆವಿಯಲ್ಲಿ 1.43 ಸಲ. ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ 20 ಮೀಟರಿಗೊಂದು ಜಾಯಿಂಟ್ ಇರುವ ಸೇತುವೆಯ ಮೇಲೆ ಗಂಟೆಗೆ 100 ಕಿ.ಮೀ.ನಲ್ಲಿ ಹೋದರೆ ಸೆಕೆಂಡಿಗೆ 1.39 ಬಡಿತ ಬೀಳುತ್ತದೆ. ಹೆವಿ ಸ್ಪ್ರಿಂಗಿನ ಲಯಕ್ಕೆ ಅದು ಬಹಳ ಹತ್ತಿರ. ಶಾಕ್ ಚೆನ್ನಾಗಿದ್ದರೆ ಇದು ಮೈಗೆ ತಾಗುವುದಿಲ್ಲ, ಸೋತಿದ್ದರೆ ಪ್ರತಿ ಜಾಯಿಂಟೂ ಹಿಂದಿನ ತೂಗಾಟಕ್ಕೆ ಒಂದೊಂದು ತಳ್ಳು ಕೊಡುತ್ತದೆ. 90 ದಾಟಿದ ಮೇಲೆ ಮೂತಿ ತೂಗುತ್ತದೆ, 70ಕ್ಕೆ ಇಳಿಸಿದರೆ ಸರಿಹೋಗುತ್ತದೆ ಎಂದು ಡ್ರೈವರ್ ಹೇಳಿದ್ದು ಇದಕ್ಕೆ ಒಪ್ಪುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಚಕ್ರದ ಇಳಿತದ ಮೇಲೆ. ಸ್ಪ್ರಿಂಗಿನ ಬಿಡುವು ಉದ್ದ, ಅಂದರೆ ಯಾವ ಭಾರವೂ ಇಲ್ಲದಾಗಿನ ಉದ್ದ, ಎರಡರದ್ದೂ 365 ಮಿ.ಮೀ. ಶಾಕ್ ಪೂರ್ತಿ ಚಾಚಿದಾಗ ಸ್ಪ್ರಿಂಗಿಗೆ ಸಿಗುವ ಜಾಗ 320, ಅಂದರೆ ಜೋಡಿಸುವಾಗಲೇ 45 ಮಿ.ಮೀ. ಅದುಮಿರುತ್ತದೆ. ಗಾಡಿಯ ತೂಕ ಬಿದ್ದಾಗ ಕಂಪನಿ ಸ್ಪ್ರಿಂಗ್ ಒಟ್ಟು 90 ಮಿ.ಮೀ. ಕುಗ್ಗುತ್ತದೆ, ಹೆವಿ ಸ್ಪ್ರಿಂಗ್ 70 ಮಾತ್ರ. ಆ 45 ಕಳೆದು 0.58ರಿಂದ ಭಾಗಿಸಿದರೆ, ನಿಂತ ಮಟ್ಟದಿಂದ ಚಕ್ರ ಕೆಳಗಿಳಿಯಲು ಇರುವ ಅವಕಾಶ ಕಂಪನಿ ಸ್ಪ್ರಿಂಗಿನಲ್ಲಿ 78 ಮಿ.ಮೀ., ಈಗಿರುವುದರಲ್ಲಿ 44. ಮೊದಲು ಹೇಳಿದ 34 ಮಿ.ಮೀ. ಎತ್ತರ ಬಂದದ್ದು ಇಲ್ಲಿಂದಲೇ. ಎತ್ತರ ಪುಕ್ಕಟೆ ಸಿಗಲಿಲ್ಲ, ಚಕ್ರದ ಇಳಿತದಿಂದ ಕಿತ್ತುಕೊಂಡದ್ದು. ಹಂಪ್ ಇಳಿಯುವಾಗ ಮುಂದೆ 'ಟಕ್' ಎನ್ನುವ ಸದ್ದಿಗೆ ಎರಡು ಕಡೆ ಬಾಲ್ ಜಾಯಿಂಟ್ ಬದಲಿಸಿದ್ದರು. ಸದ್ದು ಬಾಲ್ ಜಾಯಿಂಟಿನದಲ್ಲ, ಶಾಕ್ ತನ್ನ ಚಾಚಿನ ಕೊನೆಗೆ ಬಡಿಯುತ್ತಿದ್ದದ್ದು. ಹಂಪ್ ಹತ್ತುವಾಗ ಸದ್ದಿಲ್ಲ, ಇಳಿಯುವಾಗ ಮಾತ್ರ ಸದ್ದು ಎಂದರೆ ಮೊದಲ ಅನುಮಾನ ಇದರ ಮೇಲೆಯೇ ಇರಬೇಕು.

ಶಾಕ್ ಎಷ್ಟು ಸೋತಿದೆ

ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ನೋಡುವ ಪರೀಕ್ಷೆ ಸಣ್ಣ ಕಾರಿಗೆ ಸರಿ. ಎರಡು ಟನ್ ಹತ್ತಿರದ ಪಿಕಪ್ ಕೈಯೊತ್ತಿಗೆ ಬಗ್ಗುವುದಿಲ್ಲ. ಫೆಂಡರ್ ಮೇಲೆ ಸ್ಕೇಲ್ ಅಂಟಿಸಿ, ಒಂದೇ ಹಂಪನ್ನು 20 ಕಿ.ಮೀ. ವೇಗದಲ್ಲಿ ದಾಟಿಸಿ, ಪಕ್ಕದಿಂದ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯುವುದು ಒಳ್ಳೆಯದು. ಮೊದಲ ಏರಿಗೂ ಎರಡನೆಯ ಏರಿಗೂ ಇರುವ ಪ್ರಮಾಣ ನೋಡಬೇಕು. ಎರಡನೆಯದು ಮೊದಲಿನದರ ಐದನೇ ಒಂದು ಭಾಗವಾದರೆ ಡ್ಯಾಂಪಿಂಗ್ ಅನುಪಾತ (ತೂಗಾಟ ಎಷ್ಟು ಬೇಗ ಅಡಗುತ್ತದೆ ಎನ್ನುವ ಅಳತೆ) 0.25ರ ಆಸುಪಾಸು, ಶಾಕ್ ಆರೋಗ್ಯವಾಗಿದೆ. ಅರ್ಧದಷ್ಟಿದ್ದರೆ 0.1. ಈ ಗಾಡಿಯದು ಅರ್ಧ.

ಇದರಲ್ಲಿ ಸ್ಪ್ರಿಂಗಿನ ಪಾಲೆಷ್ಟು, ಸವೆತದ ಪಾಲೆಷ್ಟು ಎನ್ನುವುದನ್ನೂ ಬಿಡಿಸಬಹುದು. ಅದೇ ಶಾಕ್‌ಗೆ ಬಿರುಸು ಸ್ಪ್ರಿಂಗ್ ಕೊಟ್ಟರೆ ಅನುಪಾತ ಬಿರುಸಿನ ವರ್ಗಮೂಲದಷ್ಟು ಇಳಿಯುತ್ತದೆ. ಹೊಸ ಶಾಕ್ ಕಂಪನಿ ಸ್ಪ್ರಿಂಗಿನ ಮೇಲೆ 0.25 ಕೊಡುತ್ತಿದ್ದರೆ ಹೆವಿ ಸ್ಪ್ರಿಂಗಿನ ಮೇಲೆ 0.22. ಉಳಿದ ಇಳಿತವೆಲ್ಲ ಸವೆತ. ಸವೆತ ಬೇಗ ಬಂದದ್ದೂ ಆಶ್ಚರ್ಯವಲ್ಲ: ಅದುಮಿದ ಸ್ಪ್ರಿಂಗ್ ಹಿಂದಕ್ಕೆ ಚಾಚುವಾಗ ಹಿಡಿಯುವುದು ರಿಬೌಂಡ್ ವಾಲ್ವ್, ಬಿರುಸು ಸ್ಪ್ರಿಂಗ್ ಅದರ ಮೇಲೆ ಪ್ರತಿ ಸಲವೂ ಹೆಚ್ಚು ಹೇರುತ್ತದೆ.

ಬಿಚ್ಚಿ ನೋಡಿದಾಗ ಎರಡೂ ಮುಂದಿನ ಶಾಕ್‌ಗಳ ರಾಡ್ ಮೊದಲ 15 ಮಿ.ಮೀ. ಒತ್ತಡವೇ ಇಲ್ಲದೆ ಒಳಗೆ ಜಾರುತ್ತಿತ್ತು. ಬಲಗಡೆಯದರ ಮೈಮೇಲೆ ಎಣ್ಣೆ ಹರಿದು ಧೂಳು ಕೂತಿತ್ತು. ಸೀಲ್ ಬಳಿ ತೆಳುವಾದ ತೇವ ಇದ್ದರೆ ಅದು ದೋಷವಲ್ಲ. ಮೈ ಅರ್ಧದವರೆಗೆ ಹರಿದಿದ್ದರೆ ಬದಲಿಸಲೇಬೇಕು. ಮುಂದಿನ ಟೈರುಗಳ ಅಂಚಿನಲ್ಲಿ ಬಟ್ಟಲು ಬಟ್ಟಲಾಗಿ ಸವೆದದ್ದು ಇದಕ್ಕೇ ಸಾಕ್ಷಿ. ಅಲೈನ್‌ಮೆಂಟ್ ತಪ್ಪಿದ ಸವೆತ ಒಂದು ಬದಿಗೆ ಸಮನಾಗಿ ಬರುತ್ತದೆ, ಶಾಕ್ ಸೋತದ್ದು ಹೀಗೆ ಬಿಟ್ಟುಬಿಟ್ಟು ತಿನ್ನುತ್ತದೆ.

ಟೈರ್ ಗಾಳಿಯನ್ನು ಮರೆಯುವಂತಿಲ್ಲ. ನಾಲ್ಕಕ್ಕೂ ಸದಾ 50 ಪಿಎಸ್ಐ ಇತ್ತು, ಲೋಡ್ ಇರುತ್ತದಲ್ಲ ಎಂಬ ಸಮಜಾಯಿಷಿ. ಬಾಗಿಲ ಕಂಬದ ಚೀಟಿಯಲ್ಲಿ ಖಾಲಿಗೆ ಬೇರೆ, ಲೋಡಿಗೆ ಬೇರೆ ಅಂಕಿ ಇದೆ. ಮುಂಚಕ್ರಕ್ಕೆ ಲೋಡಿನ ದಿನವೂ ಹೆಚ್ಚು ಬೇಕಿರಲಿಲ್ಲ. ಸಣ್ಣ ಸಣ್ಣ ಗುಂಡಿಯ ಗಡಸು ಸ್ಟಿಯರಿಂಗಿಗೆ ಬರುತ್ತಿದ್ದುದರಲ್ಲಿ ಒಂದು ಪಾಲು ಗಾಳಿ ಇಳಿಸಿದ ಕೂಡಲೇ ಹೋಯಿತು. ಖರ್ಚಿಲ್ಲದ ಕೆಲಸ, ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು.

ಮೂರು ದಾರಿ

ಮೊದಲ ದಾರಿ, ಹೆವಿ ಸ್ಪ್ರಿಂಗ್ ಬಿಟ್ಟು ಅದಕ್ಕೆ ತಕ್ಕ ಹೆವಿ ಶಾಕ್ ಹಾಕುವುದು. ತೂಗಾಟ ನಿಲ್ಲುತ್ತದೆ. ಆದರೆ ಇಳಿತ 44 ಮಿ.ಮೀ.ನಲ್ಲೇ ಉಳಿಯುತ್ತದೆ, 'ಟಕ್' ಹೋಗುವುದಿಲ್ಲ, ಬಿರುಸೂ ಹೋಗುವುದಿಲ್ಲ. ಗಾಡಿಯ ಮುಂದೆ ಮತ್ತೆ 80 ಕೆ.ಜಿ. ಏರುವುದಿದ್ದರೆ ಮಾತ್ರ ಇದು ಸರಿ, ಏರಿಸಲು ಕಾನೂನು ಬಿಡುವುದಿಲ್ಲ.

ಎರಡನೆಯದು, ಕಂಪನಿ ಬಿರುಸಿನ ಸ್ಪ್ರಿಂಗ್, ಅದರ ಮೇಲೆ ಅಂಗಡಿಯ ಅತಿ ದುಬಾರಿ ಹೆವಿ ಡ್ಯೂಟಿ ಶಾಕ್. 'ಶಾಕ್ ಜಾಸ್ತಿ ಆದ್ರೆ ನಷ್ಟ ಏನು' ಎನ್ನುವವರು ಈ ದಾರಿ ಹಿಡಿಯುತ್ತಾರೆ. ನಷ್ಟ ನಾಲೆ ಏರಿಯ ಮೇಲೆ ಗೊತ್ತಾಗುತ್ತದೆ. ರಿಬೌಂಡ್ ಅತಿಯಾದರೆ ಒಂದು ಹಳ್ಳದಲ್ಲಿ ಕುಗ್ಗಿದ ಸ್ಪ್ರಿಂಗ್ ಮುಂದಿನ ಹಳ್ಳ ಬರುವಷ್ಟರಲ್ಲಿ ಚಾಚಿಕೊಂಡಿರುವುದಿಲ್ಲ. ನಾಲ್ಕೈದು ಹಳ್ಳ ಕಳೆಯುವಷ್ಟರಲ್ಲಿ ಗಾಡಿ ಮೆಟ್ಟಿಲು ಮೆಟ್ಟಿಲಾಗಿ ಕುಸಿದು, ಚಕ್ರದ ಏರಿಕೆಯನ್ನು ಕೊನೆಯಲ್ಲಿ ತಡೆಯುವ ಬಂಪ್ ರಬ್ಬರ್ ಮೇಲೆ ಕೂತಿರುತ್ತದೆ. ಆಮೇಲಿನದೆಲ್ಲ ಕುಕ್ಕುವಿಕೆಯೇ.

ಆರಿಸಿದ್ದು ಮೂರನೆಯದು: 92 ನ್ಯೂಟನ್ ಬಿರುಸಿನ ಹೊಸ ಜೋಡಿ ಸ್ಪ್ರಿಂಗ್, ಆ ಬಿರುಸಿಗೇ ವಾಲ್ವ್ ಮಾಡಿದ ಟ್ವಿನ್ ಟ್ಯೂಬ್ (ಕೊಳವೆಯೊಳಗೆ ಕೊಳವೆ ಇರುವ) ಗ್ಯಾಸ್ ಶಾಕ್. ಬಿಚ್ಚಿಟ್ಟಿದ್ದ ಹಳೆಯ ಕಂಪನಿ ಸ್ಪ್ರಿಂಗ್‌ಗಳು ಮನೆಯ ಅಟ್ಟದಲ್ಲಿದ್ದವು. ಅವನ್ನೇ ಹಾಕಬಹುದೆಂದು ಅಳೆದಾಗ ಬಿಡುವು ಉದ್ದ ಒಂದರದು 361, ಇನ್ನೊಂದರದು 352 ಬಂತು. ಈ 9 ಮಿ.ಮೀ. ವ್ಯತ್ಯಾಸ ಚಕ್ರದಲ್ಲಿ 15 ಮಿ.ಮೀ. ದಾಟುತ್ತದೆ, ಗಾಡಿ ಒಂದು ಕಡೆ ವಾಲಿ ನಿಲ್ಲುತ್ತದೆ. ಬಿಟ್ಟುಬಿಟ್ಟದ್ದು ಒಳ್ಳೆಯದೇ ಆಯಿತು.

ಶಾಕ್‌ನಿಂದ ಎಷ್ಟು ಬಲ ಬೇಕು ಎನ್ನುವುದಕ್ಕೂ ಅಂಕಿ ಇದೆ. 490 ಕೆ.ಜಿ., ಚಕ್ರದ ಬಿರುಸು 31, ಡ್ಯಾಂಪಿಂಗ್ ಅನುಪಾತ 0.25 ಎಂದಿಟ್ಟುಕೊಂಡು 0.58ರ ವರ್ಗದಿಂದ ಭಾಗಿಸಿದರೆ, ರಾಡ್ ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಚಲಿಸುವಾಗ ಎರಡು ದಿಕ್ಕಿನ ಸರಾಸರಿ ಸುಮಾರು 1,740 ನ್ಯೂಟನ್ ಬರುತ್ತದೆ. ಚಾಚುವ ದಿಕ್ಕಿಗೆ ಎರಡು ಪಾಲು, ಕುಗ್ಗುವ ದಿಕ್ಕಿಗೆ ಒಂದು ಪಾಲು ಹಂಚಿದರೆ ರಿಬೌಂಡ್ 2,300, ಕಂಪ್ರೆಷನ್ 1,150ರ ಸುತ್ತ. ಯಾವ ವೇಗಕ್ಕೆ ಎಷ್ಟು ಬಲ ಎಂದು ತೋರಿಸುವ ಡೈನೊ ಚಾರ್ಟ್ ಕೊಡುವ ತಯಾರಕರು ಕಡಿಮೆ. ಚಾರ್ಟ್ ಇಲ್ಲದಿದ್ದರೆ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈ ಶಾಕ್ ಯಾವ ಬಿರುಸಿನ ಸ್ಪ್ರಿಂಗಿಗೆ ಮಾಡಿದ್ದು? 'ಎಲ್ಲದಕ್ಕೂ ಆಗುತ್ತೆ' ಎಂಬ ಉತ್ತರ ಬಂದರೆ ಬೇರೆ ಅಂಗಡಿ.

ಒಂದೇ ಕೊಳವೆಯ ಮೋನೊ ಟ್ಯೂಬ್ ಶಾಕ್ ಏಕೆ ಬೇಡವಾಯಿತು? ಬಿಸಿ ಹೊರಹಾಕುವುದರಲ್ಲಿ ಅದು ಮೇಲು, ಎಣ್ಣೆ ನೊರೆಯಾಗುವುದಿಲ್ಲ. ಆದರೆ ಒಳಗೆ 20 ಬಾರ್‌ನಷ್ಟು ಗ್ಯಾಸ್ ಒತ್ತಡವಿರುತ್ತದೆ. 18 ಮಿ.ಮೀ. ರಾಡ್ ಇದ್ದರೆ ಅದು ಸದಾ 500 ನ್ಯೂಟನ್ ಮೇಲಕ್ಕೆ ತಳ್ಳುತ್ತದೆ. 3 ಬಾರ್‌ನ ಟ್ವಿನ್ ಟ್ಯೂಬ್ ತಳ್ಳುವುದು 80ರಷ್ಟೂ ಇಲ್ಲ. ಈ ವ್ಯತ್ಯಾಸವೇ ಚಕ್ರದಲ್ಲಿ ಸುಮಾರು 8 ಮಿ.ಮೀ. ಎತ್ತರ, ಅಷ್ಟೇ ಇಳಿತ ನಷ್ಟ. ಗಂಟೆಗಟ್ಟಲೆ ಕಲ್ಲುದಾರಿಯಲ್ಲಿ ಓಡುವ ಗಾಡಿಗೆ ಅದು ಸರಿ. ಈ ಗಾಡಿಯ ಕೆಟ್ಟ ದಾರಿ ಒಂದು ಸಲಕ್ಕೆ ಹತ್ತು ಕಿ.ಮೀ. ಮೀರದು.

ಹಿಂಭಾಗ

ಮುಂದಿನದು ಸರಿಮಾಡಿ ಹಿಂದಿನದು ಬಿಟ್ಟರೆ ಗಾಡಿ ಕುದುರೆಯಂತೆ ಹಿಂಗಾಲು ಎತ್ತುತ್ತದೆ. ಖಾಲಿ ಇದ್ದಾಗ ಹಿಂದೆ ಒಂದು ಬದಿಯ ಸ್ಪ್ರಿಂಗ್ ಹೊರುವುದು 325 ಕೆ.ಜಿ. 5 ಪ್ಲೇಟಿನ ಬಿರುಸು ಮಿ.ಮೀ.ಗೆ 45 ನ್ಯೂಟನ್, ಆರನೆಯದು ಸೇರಿದ ಮೇಲೆ 54. ಆಂದೋಲನ 1.87ರಿಂದ 2.05ಕ್ಕೆ ಏರಿತ್ತು. ಹಿಂಭಾಗ ಮುಂಭಾಗಕ್ಕಿಂತ ತುಸು ಚುರುಕಾಗಿದ್ದರೆ ಒಳ್ಳೆಯದು, ಮುಂಚಕ್ರ ತಿಂದ ಪೆಟ್ಟನ್ನು ಹಿಂದಿನದು ತಡವಾಗಿ ತಿಂದರೂ ಎರಡೂ ಒಟ್ಟಿಗೆ ಶಾಂತವಾಗುತ್ತವೆ. ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಓಲಿ 1930ರ ದಶಕದಲ್ಲೇ ಇದನ್ನು ತೋರಿಸಿದ್ದರು. ಆದರೆ 'ತುಸು' ಎಂದರೆ ಶೇ 10–20. ಪಿಕಪ್ ಖಾಲಿ ಇದ್ದಾಗ ಆ ಮಿತಿಗೆ ಬರುವುದು ಅಸಾಧ್ಯ. ದೂರವಾದಷ್ಟೂ ಕೆಟ್ಟದ್ದು ಎಂದಿಟ್ಟುಕೊಂಡು ಆರನೇ ಪ್ಲೇಟು ತೆಗೆಯುವುದಷ್ಟೇ ದಾರಿ.

ತೆಗೆದರೆ ಬೆಲ್ಲದ ದಿನ ಕುಸಿತ ಹೆಚ್ಚುತ್ತದೆ. 800 ಕೆ.ಜಿ.ಯಲ್ಲಿ 750 ಹಿಂದಿನ ಆಕ್ಸಲ್‌ಗೆ ಬಿದ್ದರೆ 5 ಪ್ಲೇಟು 82 ಮಿ.ಮೀ. ಕುಗ್ಗುತ್ತವೆ. ಅದಕ್ಕೆ ಕಂಪನಿ ಬಂಪ್ ರಬ್ಬರ್ ಬದಲು ಉದ್ದನೆಯ ಟೊಳ್ಳು ರಬ್ಬರ್ ಹೆಲ್ಪರ್ ಹಾಕಿ, ಖಾಲಿ ಇದ್ದಾಗ ಆಕ್ಸಲ್‌ಗೂ ಅದಕ್ಕೂ 40 ಮಿ.ಮೀ. ಸಂದು ಬಿಡಲಾಯಿತು. ಹಿಂದೆ ಸುಮಾರು 370 ಕೆ.ಜಿ. ಏರುವವರೆಗೆ ರಬ್ಬರ್ ಮುಟ್ಟುವುದೇ ಇಲ್ಲ. ಆಮೇಲೆ ಮೆಲ್ಲಗೆ ಭುಜ ಕೊಡುತ್ತದೆ. ಪೂರ್ತಿ ಲೋಡಿನಲ್ಲಿ ಕುಸಿತ 62 ಮಿ.ಮೀ.ಗೆ ನಿಂತಿತು. ಪ್ಲೇಟು ಸೇರಿಸಿದರೂ ರಬ್ಬರ್ ಹಾಕಿದರೂ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮಾತ್ರ ಏರುವುದಿಲ್ಲ. ಆಕ್ಸಲ್, ಬ್ರೇಕ್, ಟೈರ್ ಮೊದಲಿನವೇ ಅಲ್ಲವೆ.

ಹಿಂದಿನ ಶಾಕ್ ಆರಿಸುವಾಗ ಒಂದು ರಾಜಿ ಅನಿವಾರ್ಯ. ಪ್ಲೇಟಿನ ಮಟ್ಟಿಗೆ ಹೇಳುವುದಾದರೆ, ಖಾಲಿಯಲ್ಲಿ 0.35 ಡ್ಯಾಂಪಿಂಗ್ ಅನುಪಾತ ಕೊಡುವ ಶಾಕ್ ಲೋಡಿನಲ್ಲಿ 0.24 ಕೊಡುತ್ತದೆ, ಹೊರುವ ತೂಕ ಎರಡರಷ್ಟಾಗುವುದರಿಂದ. 0.25 ಮಾತ್ರ ಕೊಡುವ ಮೆತ್ತನೆಯದನ್ನು ಹಾಕಿದ್ದರೆ ಬೆಲ್ಲ ತುಂಬಿದ ದಿನ ಶ್ರೀರಂಗಪಟ್ಟಣ ಬೈಪಾಸಿನ ತಿರುವಿನಲ್ಲಿ ಹಿಂಭಾಗ ತೇಲುತ್ತಿತ್ತು. ಖಾಲಿಯಲ್ಲಿ ತುಸು ಬಿಗಿ ಎನಿಸಿದರೂ ಲೋಡಿನ ಕಡೆಗೇ ವಾಲಬೇಕು.

ಪ್ಲೇಟು ಬಿಚ್ಚಿದಾಗ ನಡುವೆ ಕೆಸರು, ತುಕ್ಕು ಗಟ್ಟಿಯಾಗಿತ್ತು. ಒಣ ಪ್ಲೇಟುಗಳು ಒಂದಕ್ಕೊಂದು ಕಚ್ಚಿಕೊಂಡರೆ ಸಣ್ಣ ಗುಂಡಿಗೆ ಸ್ಪ್ರಿಂಗ್ ಅಲುಗುವುದೇ ಇಲ್ಲ. ವೈರ್ ಬ್ರಶ್‌ನಿಂದ ಉಜ್ಜಿ, ತುದಿಯ ಪ್ಲಾಸ್ಟಿಕ್ ಪ್ಯಾಡ್‌ಗಳನ್ನು ಬದಲಿಸಿ ಕೂಡಿಸಲಾಯಿತು. ಗ್ರೀಸ್ ಬಳಿಯಲಿಲ್ಲ, ನಾಲೆ ಏರಿಯ ಮಣ್ಣು ಅದಕ್ಕೆ ಅಂಟಿ ಮರಳು ಕಾಗದವಾಗುತ್ತದೆ.

ಬಿಚ್ಚುವಾಗ, ಜೋಡಿಸುವಾಗ

ಮುಂದಿನ ಸ್ಪ್ರಿಂಗ್ ಶಾಕ್ ಮೇಲೆ ಅದುಮಿಕೊಂಡೇ ಕೂತಿರುತ್ತದೆ. ಹೆವಿ ಸ್ಪ್ರಿಂಗಿನ 45 ಮಿ.ಮೀ. ಎಂದರೆ 540 ಕೆ.ಜಿ. ಬಲ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಟಾಪ್ ಮೌಂಟಿನ (ಶಾಕ್‌ನ ಮೇಲ್ತುದಿಯ ಹಿಡಿಕೆಯ) ನಡು ನಟ್ಟು ಬಿಚ್ಚಿದರೆ ಮೌಂಟ್ ಗುಂಡಿನಂತೆ ಹಾರುತ್ತದೆ. ತೆಳ್ಳನೆಯ ಎರಡು ಹುಕ್ಕಿನ ಕಂಪ್ರೆಸರ್ ಈ ಕೆಲಸಕ್ಕಲ್ಲ. ಗೋಡೆಗೋ ನೆಲಕ್ಕೋ ಬೋಲ್ಟ್ ಮಾಡಿದ ಸ್ಕ್ರೂ ಅಥವಾ ಹೈಡ್ರಾಲಿಕ್ ಪ್ರೆಸ್ ಇರುವ ಗ್ಯಾರೇಜಿಗೇ ಒಯ್ಯಬೇಕು. ಇದು ನಡೆದದ್ದು ಮೈಸೂರಿನಲ್ಲಿ.

ಸ್ಪ್ರಿಂಗಿನ ಕೆಳತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕೂರಬೇಕು, ಬೆರಳು ದಪ್ಪ ಸಂದು ಬಿಟ್ಟರೂ ಓಡುವಾಗ ಸ್ಪ್ರಿಂಗ್ ತಿರುಗಿ 'ಟಿಣ್' ಎನ್ನುತ್ತದೆ. ಎಡಬಲಕ್ಕೆ ಬೇರೆ ಗುರುತಿನ ಸ್ಪ್ರಿಂಗ್ ಬಂದಿದ್ದರೆ ಅದಲುಬದಲು ಮಾಡಬಾರದು. ರಬ್ಬರ್ ಸೀಟು, ಬಂಪ್ ರಬ್ಬರ್, ಧೂಳು ಕವಚ ಮೂರೂ ಹೊಸವು. ಹಳೆಯ ಬಂಪ್ ರಬ್ಬರ್ ಪುಡಿಯಾಗಿದ್ದರೆ ಹೊಸ ಶಾಕ್ ಮೊದಲ ದೊಡ್ಡ ಗುಂಡಿಯಲ್ಲೇ ಒಳಗಿನಿಂದ ಪೆಟ್ಟು ತಿನ್ನುತ್ತದೆ.

ಹೆಚ್ಚಿನ ಗ್ಯಾರೇಜುಗಳಲ್ಲಿ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಲೋವರ್ ಆರ್ಮ್ ಬುಷ್ ಬೋಲ್ಟು, ಲೀಫಿನ ತುದಿಯ ಕಣ್ಣಿನ ಬೋಲ್ಟು, ಅದನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್‌ನ ಬೋಲ್ಟುಗಳನ್ನು ಗಾಡಿ ಜಾಕ್ ಮೇಲಿದ್ದಾಗಲೇ ಬಿಗಿಯಬಾರದು. ಚಕ್ರ ಜೋತಾಡುವ ಸ್ಥಿತಿಯಲ್ಲಿ ಬಿಗಿದರೆ ರಬ್ಬರ್ ಬುಷ್ ಆ ಕೋನದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದಾಗ ಅದು ಮುರುಚಿದ ಸ್ಥಿತಿಯಲ್ಲೇ ಇರುತ್ತದೆ, ತಾನೂ ಒಂದು ಸ್ಪ್ರಿಂಗಿನಂತೆ ಎತ್ತುತ್ತದೆ, ಬೇಗ ಹರಿಯುತ್ತದೆ. ಬೆರಳಬಿಗಿ ಮಾಡಿ, ಗಾಡಿ ಇಳಿಸಿ, ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ, ತೂಕ ಚಕ್ರದ ಮೇಲಿರುವಾಗ ಕೈಪಿಡಿಯ ಟಾರ್ಕಿಗೆ ಬಿಗಿಯಬೇಕು. ಲೀಫನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟುಗಳು ಹೊಸವಾಗಿರಬೇಕು. ಒಮ್ಮೆ ಹಿಗ್ಗಿದ ಹಳೆಯವು ಹಿಡಿಯುವುದಿಲ್ಲ. ಮೂಲೆಯಿಂದ ಮೂಲೆಗೆ ಬಿಗಿದು 500 ಕಿ.ಮೀ. ನಂತರ ಮತ್ತೊಮ್ಮೆ ನೋಡಬೇಕು.

ಆರನೇ ಪ್ಲೇಟು ತೆಗೆದಾಗ ಹಿಂಭಾಗ 20 ಮಿ.ಮೀ. ಇಳಿಯಿತು: 12 ಬಿರುಸು ಕಡಿಮೆಯಾದದ್ದರಿಂದ, 8 ಪ್ಲೇಟಿನ ದಪ್ಪದಿಂದ. ಈ ಗಾಡಿಯಲ್ಲಿ ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇದೆ. ಆಕ್ಸಲ್‌ಗೆ ಕಟ್ಟಿದ ಒಂದು ಕಡ್ಡಿಯ ಕೋನ ನೋಡಿ ಅದು ಲೋಡ್ ಎಷ್ಟಿದೆ ಎಂದು ಊಹಿಸುತ್ತದೆ. ಪ್ಲೇಟು ಸೇರಿಸಿ ಎತ್ತರಿಸಿದ್ದಾಗ ಲೋಡಿದ್ದರೂ ಖಾಲಿ ಎಂದುಕೊಂಡು ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಕೊಡುತ್ತಿತ್ತು. ಪ್ಲೇಟು ಸೇರಿಸಿದ ಕಾಲಕ್ಕೆ ಕಡ್ಡಿಯನ್ನು ಹೊಂದಿಸಿಕೊಂಡಿದ್ದರೆ ಈಗ ತಿರುಗುಮುರುಗಾಗಿ, ಖಾಲಿಯಲ್ಲಿ ಹಿಂಚಕ್ರ ಲಾಕ್ ಆಗುವ ಅಪಾಯ. ಕೈಪಿಡಿಯ ಅಳತೆಗೆ ಕಡ್ಡಿ ಹೊಂದಿಸದೆ ಗಾಡಿ ರಸ್ತೆಗೆ ಬಿಡಬಾರದು. ಎತ್ತರ ಬದಲಿಸುವ ಬಹಳ ಮಂದಿಗೆ ಈ ವಾಲ್ವ್ ಇರುವುದೇ ತಿಳಿದಿರುವುದಿಲ್ಲ.

ಅಲೈನ್‌ಮೆಂಟ್ ಅಂದೇ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ. ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ನೋಡಿ ಕಳಿಸಿದರೆ ಸಾಲದು, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವುದು), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದೆ ಮುಂದೆ ವಾಲಿರುವುದು) ಎರಡರ ಅಂಕಿಯೂ ಚೀಟಿಯಲ್ಲಿರಬೇಕು. ಹೆಡ್‌ಲೈಟ್ ಮಟ್ಟವನ್ನೂ ಆಗಲೇ ಸರಿಮಾಡಿಸಿಕೊಳ್ಳಬೇಕು.

ಸಿಕ್ಕಿದ ಫಲ

ಮುಂಭಾಗ 33 ಮಿ.ಮೀ. ಇಳಿಯಿತು, ಸಾವಿರ ಕಿ.ಮೀ. ನಂತರ ಇನ್ನು 3. ಹೊಸ ಸ್ಪ್ರಿಂಗ್ ಅಷ್ಟು ಕೂರುವುದು ಸಹಜ. ಶಾಕ್ ರಾಡಿಗೆ ಪ್ಲಾಸ್ಟಿಕ್ ಟೈ ಬಿಗಿದು ಅದೇ ನಾಲೆ ಏರಿಯ ಮೇಲೆ ಓಡಿಸಿದಾಗ, ಟೈ ಬಂಪ್ ರಬ್ಬರ್ ಮುಟ್ಟುವ ಜಾಗಕ್ಕೆ 12 ಮಿ.ಮೀ. ಮೊದಲೇ ನಿಂತಿತ್ತು. ಇದು ಸರಿಯಾದ ಗುರುತು. ಟೈ ಅರ್ಧದಲ್ಲೇ ನಿಂತರೆ ಸ್ಪ್ರಿಂಗ್ ಇನ್ನೂ ಬಿರುಸು, ಪ್ರತಿ ಸಲವೂ ತುದಿ ಮುಟ್ಟಿದರೆ ಮೆತ್ತಗೆ. ಹಂಪಿನ ವಿಡಿಯೊದಲ್ಲಿ ಎರಡನೇ ಏರು ಮೊದಲಿನದರ ಐದನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಇಳಿಯುವಾಗಿನ 'ಟಕ್' ಹೋಯಿತು. ಹೆದ್ದಾರಿಯ ಜಾಯಿಂಟ್ ಬಡಿತ ಕೇಳುತ್ತದೆ, ತೂಗಾಟ ಬೆಳೆಯುವುದಿಲ್ಲ. ಬಟ್ಟಲು ಸವೆತದ ಟೈರುಗಳ ಗುಂಯ್‌ಗುಡುವಿಕೆ ಹಾಗೇ ಉಳಿದಿದೆ, ಶಾಕ್ ಬದಲಿಸಿದ್ದಕ್ಕೆ ಸವೆದ ರಬ್ಬರ್ ಮರಳಿ ಬರುವುದಿಲ್ಲ. ಅವು ಮುಗಿಯುವವರೆಗೆ ಹಿಂದಕ್ಕೆ ಹಾಕಿ ಓಡಿಸುವುದು.

ಖಾಲಿ ಗಾಡಿಯ ಹಿಂಭಾಗ ನಾಲೆ ಏರಿಯ ಮೇಲೆ ಈಗಲೂ ಕುಣಿಯುತ್ತದೆ, ಮೊದಲಿಗಿಂತ ಕಡಿಮೆ. 1.87ರ ಕೆಳಗೆ ಅದನ್ನು ಇಳಿಸಲು ಲೋಡ್ ಹೊರುವ ಲೀಫಿನಲ್ಲಿ ದಾರಿಯಿಲ್ಲ. ಆಕ್ಸಲ್ ಮೇಲೆ 100 ಕೆ.ಜಿ. ಮರಳು ಚೀಲ ಹಾಕಿಕೊಂಡು ಓಡಿಸುವ ರೂಢಿ ಸುತ್ತಮುತ್ತ ಇದೆ, ಅದರಿಂದ 1.74ಕ್ಕೆ ಇಳಿಯುತ್ತದೆ, ಅಷ್ಟೇ. ಕಟ್ಟದ ಚೀಲ ಗಂಟೆಗೆ 100 ಕಿ.ಮೀ.ನಲ್ಲಿ ಬ್ರೇಕ್ ಹಾಕಿದಾಗ ಕ್ಯಾಬಿನ್ ಗೋಡೆಗೆ ಬಂದು ಬಡಿಯುತ್ತದೆ, ಡೀಸೆಲೂ ಹೆಚ್ಚು ಕುಡಿಯುತ್ತದೆ. ಆ ಸಲಹೆ ಕೊಡಲಿಲ್ಲ. ಖಾಲಿ ದಿನ ಹಿಂದಿನ ಟೈರಿನ ಗಾಳಿಯನ್ನು ಚೀಟಿಯ ಅಂಕಿಗೆ ಇಳಿಸಿ, ಬೆಲ್ಲದ ಹಿಂದಿನ ಸಂಜೆ ಮತ್ತೆ ಏರಿಸಿಕೊಳ್ಳಲು ಗೇಜ್ ಇರುವ ಕೈಪಂಪೊಂದು ಗಾಡಿಯಲ್ಲಿದೆ.